ನೇತ್ರಾಣಿಯ ಒಂದು ಮುಳುಗು ಮೆಲ್ಬರ್ನ್ ಕೊಲ್ಲಿಗೆ ಸಾಲದು

ಮಾನ್ಯ ಸಂಪಾದಕರೇ,

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ ಬಂದವರು ಈಗ ನಮ್ಮ ರಾಜ್ಯದ ಊರೂರಲ್ಲೂ ಸಿಗುತ್ತಾರೆ. ಅವರಲ್ಲಿ ಹಲವರು ಓದು, ಕೆಲಸ ಎಂದು ಮೆಲ್ಬರ್ನ್‌ಗೆ ಬರುತ್ತಾರೆ. ಆಸ್ಟ್ರೇಲಿಯಾದ ಎರಡನೇ ಸೆಮಿಸ್ಟರ್ ಶುರುವಾಗುವುದು ಜುಲೈನಲ್ಲಿ. ಇಲ್ಲಿ ಆಗ ನಟ್ಟನಡು ಚಳಿಗಾಲ. ಅದೇ ಹೊತ್ತಿಗೆ ಮೆಲ್ಬರ್ನ್ ನಗರದ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಗುಂಪುಗೂಡುವ ಜೇಡ ಏಡಿಗಳ ವಿಡಿಯೊಗಳು ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿರುತ್ತವೆ. ನಗರದಿಂದ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಜೆಟ್ಟಿ, ಜೆಟ್ಟಿಯ ಕೆಳಗೆ ಐದಾರು ಮೀಟರ್ ನೀರು. 'ನನಗೆ ಸ್ಕೂಬಾ ಗೊತ್ತು' ಎಂಬ ಧೈರ್ಯದಲ್ಲಿ ಸೆಕೆಂಡ್ ಹ್ಯಾಂಡ್ ಡೈವಿಂಗ್ ಸೂಟು ಕೊಂಡು, ಗೆಳೆಯರ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಿದ್ದಾರೆ. ಅಂಥವರಿಗೂ, ಊರಲ್ಲಿರುವ ಅವರ ತಂದೆ ತಾಯಿಗೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಅವಕಾಶ ಕೊಡಿ.

ಮೊದಲನೆಯದು ಸರ್ಟಿಫಿಕೇಟಿನ ವಿಷಯ. ನೇತ್ರಾಣಿಯಲ್ಲಿ ಬಹುತೇಕರು ಮಾಡುವುದು ಒಂದು ದಿನದ ಪರಿಚಯ ಡೈವ್. ಅಲ್ಲಿ ಬೋಧಕರೇ ನಿಮ್ಮ ಸಿಲಿಂಡರ್ ಹಿಡಿದಿರುತ್ತಾರೆ, ಅವರೇ ಗಾಳಿಯ ಗೇಜ್ ನೋಡುತ್ತಾರೆ, ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿ ಬಿಡುವುದೂ ಅವರೇ. ನಿಮ್ಮ ಪಾಲಿಗೆ ಉಳಿಯುವುದು ಉಸಿರಾಡುವುದು ಮತ್ತು ಮೀನು ನೋಡುವುದು. ಕೊನೆಗೆ ಸಿಗುವ ಕಾಗದ ನೆನಪಿನ ಕಾಗದ, ಸ್ವತಂತ್ರವಾಗಿ ಮುಳುಗಲು ಪರವಾನಗಿಯಲ್ಲ. ಓಪನ್ ವಾಟರ್ ಎಂಬ ಕೋರ್ಸ್ ಬೇರೆಯೇ: ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ತೆರೆದ ನೀರಿನಲ್ಲಿ ನಾಲ್ಕು ಡೈವ್. ಮಾಸ್ಕಿನೊಳಗೆ ನೀರು ಬಂದರೆ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಮತ್ತೆ ಕಚ್ಚುವುದು, ಜೊತೆಗಾರರ ಗಾಳಿ ಹಂಚಿಕೊಂಡು ಮೇಲೇರುವುದು, ಎಲ್ಲವನ್ನೂ ಕೈಯಾರೆ ಮಾಡಿ ತೋರಿಸಬೇಕು. ಅದಾದ ಮೇಲೂ 18 ಮೀಟರ್ ಆಳಕ್ಕೇ ಮಿತಿ. ಮುರುಡೇಶ್ವರದ ಡೈವಿಂಗ್ ಕೇಂದ್ರಗಳವರಲ್ಲಿ ನನ್ನದೊಂದು ಕಳಕಳಿಯ ಮನವಿ: ಪರಿಚಯ ಡೈವ್ ಮುಗಿಸಿದವರಿಗೆ ಕೊಡುವ ಕಾಗದದ ಮೇಲೆ 'ಬೋಧಕರಿಲ್ಲದೆ ನೀರಿಗಿಳಿಯಲು ಇದು ಅನುಮತಿಯಲ್ಲ' ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಖರ್ಚು ಏನೂ ಇಲ್ಲ, ಒಂದು ಜೀವ ಉಳಿದರೂ ಉಳಿಯಬಹುದು.

ಇನ್ನು ಈ ಕೊಲ್ಲಿಯ ವಿಷಯ. ಪೋರ್ಟ್ ಫಿಲಿಪ್ ಸುಮಾರು 1,930 ಚದರ ಕಿಲೋಮೀಟರ್ ಹರಡಿಕೊಂಡಿದೆ. ಇಷ್ಟು ದೊಡ್ಡದಾದರೂ ಸರಾಸರಿ ಆಳ 13 ಮೀಟರ್ ಮಾತ್ರ. ಸಮುದ್ರಕ್ಕೆ ತೆರೆದಿರುವ ಬಾಯಿಯ ಅಗಲ ಮೂರು ಕಿಲೋಮೀಟರ್ ಚಿಲ್ಲರೆ. ದಡದ ಮೂಲನಿವಾಸಿಗಳಾದ ಬೂನ್ ವುರ್ರುಂಗ್ ಜನರ ಮೌಖಿಕ ಪರಂಪರೆಯಲ್ಲಿ ಇದು ಒಂದು ಕಾಲಕ್ಕೆ ಕಾಂಗರೂ ಬೇಟೆಯ ಬಯಲು. ಒಳಗಿನ ನೀರು ಬದಲಾಗುವುದು ಬಲು ನಿಧಾನ. ಹಾಗಾಗಿ ಬೇಸಿಗೆಯಲ್ಲಿ 20 ಡಿಗ್ರಿ ದಾಟುವ ನೀರು ಚಳಿಗಾಲದಲ್ಲಿ 10–11 ಡಿಗ್ರಿಗೆ ಇಳಿದುಬಿಡುತ್ತದೆ. ನೇತ್ರಾಣಿಯ ನೀರು 27–28 ಡಿಗ್ರಿ. ಈ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಂಡಲ್ಲೇ ಮಿಕ್ಕ ಎಡವಟ್ಟುಗಳೆಲ್ಲ ಹುಟ್ಟುವುದು.

ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. 11 ಡಿಗ್ರಿ ನೀರಿನಲ್ಲಿ ಮೊದಲು ಕೈಕೊಡುವುದು ಬೆರಳುಗಳು. ಬಕಲ್ ಬಿಚ್ಚಲು ಆಗುವುದಿಲ್ಲ, ಜಾಕೆಟ್ಟಿನ ಗಾಳಿ ಹೆಚ್ಚು ಕಡಿಮೆ ಮಾಡುವ ಇನ್‌ಫ್ಲೇಟರಿನ ಎರಡು ಗುಂಡಿಗಳಲ್ಲಿ ಯಾವುದು ತುಂಬುವುದು ಯಾವುದು ಬಿಡುವುದು ಎಂದು ಸ್ಪರ್ಶದಿಂದ ತಿಳಿಯುವುದಿಲ್ಲ. ಆಮೇಲೆ ಯೋಚನೆಯೇ ಮಂದವಾಗುತ್ತದೆ, ಗೇಜ್ ನೋಡಿದರೂ ಅದರಲ್ಲಿನ ಅಂಕಿ ತಲೆಗೆ ಹೋಗುವುದಿಲ್ಲ. ಆದ್ದರಿಂದ ಚಳಿಗಾಲದ ಕನಿಷ್ಠ ಉಡುಗೆ ಇದು: 7 ಮಿಲಿಮೀಟರ್ ದಪ್ಪದ, ಕುತ್ತಿಗೆ ಮಣಿಕಟ್ಟುಗಳಲ್ಲಿ ಬಿಗಿಯಾಗಿ ಕೂರುವ ಸೂಟು, ತಲೆಗೆ ಹುಡ್, 5 ಮಿಲಿಮೀಟರ್ ಕೈಗವಸು ಮತ್ತು ಬೂಟು. ಇವುಗಳಲ್ಲಿ ಜನ ಬಿಟ್ಟುಬರುವುದು ಹುಡ್. ಬಿಡಬೇಡಿ. ತಣ್ಣೀರು ಕಿವಿಯೊಳಗೆ ನುಗ್ಗಿದರೆ ತಲೆ ಗಿರ್ರನೆ ತಿರುಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಎಂದೇ ತಿಳಿಯದಂತಾಗುತ್ತದೆ. ಸೂಟು ಸಡಿಲವಾಗಿದ್ದರೆ ಪ್ರತಿ ಸಲ ಕಾಲು ಬಡಿದಾಗಲೂ ಒಳಗಿನ ಬೆಚ್ಚನೆಯ ನೀರು ಹೋಗಿ ಹೊಸ ತಣ್ಣೀರು ಬರುತ್ತದೆ. ಅಂಥ 7 ಮಿಲಿಮೀಟರ್‌ಗಿಂತ ಮೈಗೆ ಒಪ್ಪುವ 5 ಮಿಲಿಮೀಟರ್ ಎಷ್ಟೋ ವಾಸಿ. ಒಳಗೆ ನೀರು ಬಾರದ ಡ್ರೈಸೂಟ್ ಇದ್ದರೆ ಒಳ್ಳೆಯದೇ, ಆದರೆ ಅದನ್ನು ಕಲಿಯದೆ ತೊಡಬಾರದು. ಒಳಗಿನ ಗಾಳಿ ಕಾಲಿನ ಕಡೆಗೆ ಓಡಿದರೆ ತಲೆಕೆಳಗಾಗಿ ಮೇಲಕ್ಕೆ ಹಾರುತ್ತೀರಿ.

ನಡುಕ ಶುರುವಾಗಿ ನಿಲ್ಲದಿದ್ದರೆ ಆ ಡೈವ್ ಅಲ್ಲಿಗೆ ಮುಗಿಯಿತು ಎಂದೇ ತಿಳಿಯಬೇಕು. 'ಇನ್ನೈದು ನಿಮಿಷ' ಎಂಬ ಕೈಸನ್ನೆಗೆ ಜೊತೆಗಾರರು ಒಪ್ಪಬಾರದು. ಚಳಿಯಲ್ಲಿ ಮೂತ್ರ ಹೆಚ್ಚಾಗಿ ಮೈಯ ನೀರಿನಂಶ ಇಳಿಯುತ್ತದೆ, ಹಾಗಾಗಿ ಬಾಯಾರದಿದ್ದರೂ ನೀರು ಕುಡಿಯಬೇಕು. ಇಳಿಯುವ ಮುನ್ನ ಫ್ಲಾಸ್ಕಿನ ಬೆಚ್ಚನೆಯ ನೀರನ್ನು ಕುತ್ತಿಗೆಯ ಹತ್ತಿರ ಸೂಟಿನೊಳಗೆ ಸುರಿದುಕೊಳ್ಳುವುದು ಇಲ್ಲಿನವರ ರೂಢಿ. ಮೊದಲ ಹತ್ತು ನಿಮಿಷಕ್ಕೆ ಅದು ಬಹಳ ಉಪಕಾರಿ. ಮೇಲೆ ಬಂದ ಮೇಲೆ ಒದ್ದೆ ಸೂಟಿನಲ್ಲಿ ಗಾಳಿಗೆ ನಿಂತು ಹರಟುವುದು ನೀರಿನೊಳಗಿನ ಚಳಿಗಿಂತ ಕೆಟ್ಟದ್ದು. ಮೊದಲು ಬಟ್ಟೆ ಬದಲಿಸಿ, ಟೋಪಿ ಹಾಕಿ, ಆಮೇಲೆ ಮಾತು. ಆಳದ ಡೈವ್ ಆಗಿದ್ದರೆ ಕೂಡಲೇ ಸುಡುನೀರಿನ ಸ್ನಾನ ಬೇಡ. ರಕ್ತ ಚರ್ಮದ ಕಡೆಗೆ ನುಗ್ಗಿ ಬೆಚ್ಚಗಾದ ಅಂಗಾಂಶದಲ್ಲಿ, ಆಳದ ಒತ್ತಡದಲ್ಲಿ ಉಸಿರಿನ ಗಾಳಿಯಿಂದ ಕರಗಿದ್ದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಹೆಚ್ಚುತ್ತದೆ.

ದಪ್ಪ ಸೂಟು ತೊಟ್ಟರೆ, ಮುಳುಗಲೆಂದು ಬೆಲ್ಟಿಗೆ ಕಟ್ಟುವ ಸೀಸದ ತೂಕದ ಲೆಕ್ಕವೇ ಬದಲಾಗುತ್ತದೆ. ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸೂಟು ಮಾಡುವ ನಿಯೋಪ್ರೀನ್ ಎಂಬುದು ಸಣ್ಣ ಗಾಳಿಗುಳ್ಳೆಗಳಿಂದ ತುಂಬಿದ ರಬ್ಬರು, ಅದು ತೇಲಿಸುತ್ತದೆ. ನೇತ್ರಾಣಿಯ 3 ಮಿಲಿಮೀಟರ್ ಸೂಟಿಗೆ ನಾಲ್ಕೈದು ಕಿಲೋ ಸಾಕಾಗಿದ್ದರೆ, ಇಲ್ಲಿ 70 ಕಿಲೋ ಮೈತೂಕದವರಿಗೆ ಎಂಟರಿಂದ ಹತ್ತು ಕಿಲೋ ಬೇಕಾಗಬಹುದು. ಅಂದಾಜಿನ ಮೇಲೆ ಬಿಡದೆ ನೀರಿನಲ್ಲೇ ಪರೀಕ್ಷಿಸಿ. ನಿಂತರೆ ನೆಲ ಎಟುಕದಷ್ಟು ಆಳಕ್ಕೆ ಹೋಗಿ, ರೆಗ್ಯುಲೇಟರ್ ಕಚ್ಚಿಕೊಂಡು, ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ಎಳೆದು ಹಿಡಿದು ಅಲುಗಾಡದೆ ನಿಲ್ಲಿ. ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಈ ಪರೀಕ್ಷೆ ಸರಿಯಾಗಿ ಆಗುವುದು ಸಿಲಿಂಡರಿನಲ್ಲಿ 50 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಮಾತ್ರ ಉಳಿದಿರುವಾಗ. ತುಂಬಿದ ಸಿಲಿಂಡರಿನಲ್ಲಿ ಮಾಡಿದರೆ ಮೇಲೆ ಎರಡು ಕಿಲೋ ಸೇರಿಸಿಕೊಳ್ಳಿ. ಗಾಳಿಗೂ ತೂಕವಿದೆ: 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಎಂದರೆ 2,400 ಲೀಟರ್, ಲೀಟರಿಗೆ 1.2 ಗ್ರಾಂ ಲೆಕ್ಕದಲ್ಲಿ ಹತ್ತಿರ ಹತ್ತಿರ 2.9 ಕಿಲೋ. ಅದರಲ್ಲಿ ಮುಕ್ಕಾಲು ಪಾಲು ಖಾಲಿಯಾದಾಗ ನೀವು ಎರಡು ಕಿಲೋಗೂ ಹೆಚ್ಚು ಹಗುರಾಗಿರುತ್ತೀರಿ. ಕೊನೆಯಲ್ಲಿ, ಮೇಲೇರುವ ಮುನ್ನ ಕೆಲವು ನಿಮಿಷ ತಂಗುವ 5 ಮೀಟರಿನ ಸುರಕ್ಷಾ ನಿಲುಗಡೆಯಲ್ಲಿ ನಿಲ್ಲಲಾರದೆ ಬುಡುಕ್ಕನೆ ಮೇಲೆ ಬರುವವರ ಸಮಸ್ಯೆ ಇದೇ.

ಇದರ ಉಲ್ಟಾ ತಪ್ಪು ಇನ್ನೂ ಅಪಾಯಕಾರಿ. 'ಮುಳುಗುತ್ತಿಲ್ಲ' ಎಂದು ಒಂದರ ಮೇಲೊಂದು ಸೀಸ ಸೇರಿಸುತ್ತ ಹೋದರೆ ಮೇಲ್ಮೈಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ 10 ಮೀಟರಿನಲ್ಲಿ ಒತ್ತಡ ಎರಡು ಪಟ್ಟಾಗಿ ನಿಯೋಪ್ರೀನಿನ ಗುಳ್ಳೆಗಳು ಕುಗ್ಗುತ್ತವೆ. ಸೂಟು ತೆಳುವಾಗುತ್ತದೆ, ತೇಲಿಸುವ ಶಕ್ತಿ ಹೋಗುತ್ತದೆ, ಬೆಚ್ಚಗಿಡುವ ಗುಣವೂ ಹೋಗುತ್ತದೆ. ಕಲ್ಲಿನಂತೆ ಇಳಿಯುತ್ತ ಜಾಕೆಟ್ಟಿಗೆ ಗಾಳಿ ಒತ್ತಿ ಒತ್ತಿ ತುಂಬಬೇಕಾಗುತ್ತದೆ; ಮತ್ತೆ ಎರಡು ಮೀಟರ್ ಮೇಲೆ ಬಂದರೆ ಅದೇ ಗಾಳಿ ಹಿಗ್ಗಿ ಮೇಲಕ್ಕೆ ಎಳೆಯುತ್ತದೆ. ಮೇಲೆ ಕೆಳಗೆ ಈ ಜಗ್ಗಾಟದಲ್ಲೇ ಅರ್ಧ ಸಿಲಿಂಡರ್ ಖರ್ಚು. ತೂಕದ ಬೆಲ್ಟಿನ ಬಕಲ್ ಕೈಗವಸು ಹಾಕಿದ ಒಂದೇ ಕೈಯಿಂದ ಬಿಚ್ಚಲು ಬರುತ್ತದೆಯೇ ಎಂದು ದಡದಲ್ಲೇ ನೋಡಿಕೊಳ್ಳಿ. ಜೊತೆಗಾರರ ಬೆಲ್ಟನ್ನೂ ಒಮ್ಮೆ ಮುಟ್ಟಿ ನೋಡಿ.

ಗಾಳಿಯ ಲೆಕ್ಕಕ್ಕೂ ಚಳಿ ಸೇರಿಕೊಳ್ಳುತ್ತದೆ. ಬೆಚ್ಚನೆಯ ನೀರಿನಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಇಲ್ಲಿ 25 ಲೀಟರ್ ಎಳೆಯುವುದು ಮಾಮೂಲಿ. 2,400 ಲೀಟರಿನಲ್ಲಿ 50 ಬಾರ್, ಅಂದರೆ 600 ಲೀಟರ್, ಮೀಸಲು. ಉಳಿದದ್ದು 1,800. ಜೆಟ್ಟಿಯ ಕೆಳಗೆ 5 ಮೀಟರಿನಲ್ಲಿ ಒತ್ತಡ ಒಂದೂವರೆ ಪಟ್ಟು, ನಿಮಿಷಕ್ಕೆ 37 ಲೀಟರ್ ಚಿಲ್ಲರೆ, ಸುಮಾರು 48 ನಿಮಿಷ. ಅದೇ 15 ಮೀಟರಿಗೆ ಹೋದರೆ ಎರಡೂವರೆ ಪಟ್ಟು, ಅರ್ಧ ಗಂಟೆಯೂ ಬಾರದು. ಈ ಲೆಕ್ಕ ಇಳಿಯುವ ಮುಂಚೆ ಇಬ್ಬರ ತಲೆಯಲ್ಲೂ ಇರಬೇಕು.

ಇನ್ನು ಎಲ್ಲರನ್ನೂ ಸೆಳೆಯುವ ಏಡಿಗಳ ಬಗ್ಗೆ. ಮೇಯಿಂದ ಜುಲೈವರೆಗಿನ ತಿಂಗಳುಗಳಲ್ಲಿ ದೊಡ್ಡ ಜೇಡ ಏಡಿಗಳು ಆಳದಿಂದ ರೈ, ಬ್ಲೇರ್‌ಗೌರಿಯಂಥ ತೀರಗಳ ಆಳವಿಲ್ಲದ ನೀರಿಗೆ ಬಂದು ಸಾವಿರ ಸಾವಿರ ಲೆಕ್ಕದಲ್ಲಿ ಗುಂಪುಗೂಡುತ್ತವೆ, ಒಂದರ ಮೇಲೊಂದು ರಾಶಿ ಬೀಳುತ್ತವೆ. ಬರುವುದು ಹಳೆಯ ಚಿಪ್ಪು ಕಳಚಲು. ಚಿಪ್ಪು ಬೆಳೆಯದು, ಒಳಗಿನ ಪ್ರಾಣಿ ಬೆಳೆಯುತ್ತದೆ. ಹಾಗಾಗಿ ಹಳೆಯದನ್ನು ಬಿಟ್ಟು ಬರಲೇಬೇಕು. ಹತ್ತಿರದಿಂದ ನೋಡಿದರೆ ಯಾವುದು ಕಳಚಿದೆ, ಯಾವುದು ಇಲ್ಲ ಎಂದು ತಕ್ಷಣ ತಿಳಿಯುತ್ತದೆ. ಹಳೆಯ ಚಿಪ್ಪಿನ ಏಡಿ ಮಾಸಲು ಕಂದು, ಬೆನ್ನ ಮೇಲೆ ಪಾಚಿ, ಸ್ಪಂಜು ಬೆಳೆದಿರುತ್ತದೆ. ಕಳಚುವ ಹೊತ್ತಿಗೆ ಬೆನ್ನಿನ ಚಿಪ್ಪಿನ ಹಿಂದಿನ ಅಂಚು ಬಿರಿದು, ಆ ಸಂದಿಯಿಂದ ಏಡಿ ಹಿಂದಕ್ಕೆ ಹಿಂದಕ್ಕೆ ಜಾರುತ್ತ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತದೆ. ಹೊರಬಂದದ್ದು ಹೊಳೆಯುವ ಕಿತ್ತಳೆ ಬಣ್ಣ. ಬಿಟ್ಟ ಚಿಪ್ಪು ಕಣ್ಣಿನ ಹೊದಿಕೆ, ಬಾಯಿಯ ಭಾಗಗಳ ಸಮೇತ ಇಡಿಯಾಗಿ ಮರಳಿನ ಮೇಲೆ ಉಳಿಯುತ್ತದೆ. ಇಂಥ ಖಾಲಿ ಚಿಪ್ಪುಗಳನ್ನು ಕಂಡು 'ಏಡಿಗಳೆಲ್ಲ ಸತ್ತುಬಿದ್ದಿವೆ' ಎಂದು ಗಾಬರಿಯಾಗುವವರು ಪ್ರತಿ ವರ್ಷ ಇರುತ್ತಾರೆ.

ಹೊಸ ಚಿಪ್ಪು ಗಟ್ಟಿಯಾಗಲು ದಿನಗಳು ಬೇಕು. ಅಲ್ಲಿಯವರೆಗೆ ಏಡಿಗೆ ರಕ್ಷಣೆ ಎಂದರೆ ಗುಂಪೊಂದೇ. ಸುತ್ತ ದೊಡ್ಡ ತೊರಕೆ ಮೀನುಗಳು ಹೊಂಚು ಹಾಕಿರುತ್ತವೆ, ಸೀಲ್‌ಗಳೂ ಬರುತ್ತವೆ. ಇಂಥ ಹೊತ್ತಿನಲ್ಲಿ ಫೋಟೊಕ್ಕಾಗಿ ರಾಶಿಯ ನಡುವೆ ಮಂಡಿಯೂರಿದರೆ ಮೆತ್ತನೆಯ ಏಡಿಗಳು ಜಜ್ಜಿಹೋಗುತ್ತವೆ. ಗುಂಪಿನ ಅಂಚಿನಲ್ಲಿ, ನೆಲದಿಂದ ಒಂದು ಮೀಟರ್ ಮೇಲೆ, ಮೈಯನ್ನು ಅಡ್ಡಡ್ಡ ಇಟ್ಟು ತೇಲಿ. ಕಾಲಿಗೆ ತೊಟ್ಟ ಫಿನ್ನನ್ನು ಮೇಲೆ ಕೆಳಗೆ ಬಡಿಯದೆ ಮಂಡಿ ಮಡಿಸಿ ಕಪ್ಪೆ ಈಜಿನಂತೆ ಹಿಂದಕ್ಕೆ ತಳ್ಳಿ. ಇಲ್ಲವಾದರೆ ಏಳುವ ಹೂಳಿನಲ್ಲಿ ನಿಮಗೂ ಏನೂ ಕಾಣದು, ಹಿಂದೆ ಬರುವವರಿಗೂ ಕಾಣದು. ಸುಮ್ಮನೆ ಇದ್ದರೆ ಏಡಿಗಳೇ ನಿಮ್ಮತ್ತ ನಡೆದುಬರುತ್ತವೆ, ಕಚ್ಚುವ ಪ್ರಾಣಿಯಲ್ಲ. ಇವತ್ತು ಇದ್ದ ಕಡೆ ನಾಳೆ ಒಂದೂ ಇಲ್ಲದಿರಬಹುದು, ಪ್ರತಿ ವರ್ಷ ಅದೇ ಜಾಗಕ್ಕೆ ಬರುತ್ತವೆಂಬ ಖಾತ್ರಿಯೂ ಇಲ್ಲ. ರಜೆ ಹಾಕಿ ಬೇರೆ ರಾಜ್ಯದಿಂದ ಬರುವವರು ಇದನ್ನು ತಿಳಿದೇ ಹೊರಡಬೇಕು.

ಏಡಿ ಕಾಣದಿದ್ದರೂ ಈ ಜೆಟ್ಟಿಗಳು ಬರಿದಲ್ಲ. ನನ್ನ ಅಭಿಪ್ರಾಯದಲ್ಲಿ ನಿಜವಾದ ಸಂಪತ್ತು ಕಂಬಗಳಲ್ಲಿದೆ. ಒಂದೇ ಕಂಬದ ಮುಂದೆ ಟಾರ್ಚ್ ಹಿಡಿದು ಹತ್ತು ನಿಮಿಷ ನಿಲ್ಲಿ: ಹಳದಿ, ಕೇಸರಿ ಸ್ಪಂಜುಗಳು, ಅವುಗಳ ಮೇಲೆ ತೆವಳುವ ಬೆರಳ ಉಗುರಿನಷ್ಟು ಸಣ್ಣ ಬಣ್ಣದ, ಚಿಪ್ಪಿಲ್ಲದ ಕಡಲ ಬಸವನಹುಳುಗಳು, ಪಾಚಿಗೆ ಬಾಲ ಸುತ್ತಿಕೊಂಡು ನಿಂತ ದೊಡ್ಡ ಹೊಟ್ಟೆಯ ಕಡಲಕುದುರೆ. ಆ ಕುದುರೆ 30 ಸೆಂಟಿಮೀಟರ್‌ವರೆಗೆ ಬೆಳೆಯುವ ಜಾತಿ, ಆದರೂ ನೋಡುವ ಕಣ್ಣು ಪಳಗುವವರೆಗೆ ಎದುರಿದ್ದರೂ ಕಾಣುವುದಿಲ್ಲ.

ಯಾವ ದಿನ ಹೋಗಬೇಕೆಂದು ಹೇಳುವುದು ಗಾಳಿ. ರೈ, ಬ್ಲೇರ್‌ಗೌರಿ, ಪೋರ್ಟ್‌ಸೀ ಕೊಲ್ಲಿಯ ದಕ್ಷಿಣ ದಡದಲ್ಲಿವೆ, ಮುಖ ಉತ್ತರಕ್ಕೆ. ತೆಂಕಣ ಗಾಳಿ ಬೀಸಿದರೆ ನೆಲದ ಮರೆಯಲ್ಲಿ ನೀರು ಶಾಂತ; ಬಡಗಣ ಗಾಳಿಯಾದರೆ ಇಡೀ ಕೊಲ್ಲಿಯ ಅಲೆ ಬಂದು ಅಲ್ಲಿಗೇ ಬಡಿಯುತ್ತದೆ, ಎರಡು ಮೀಟರ್ ಮುಂದೆ ಕಾಣುವುದಿಲ್ಲ. ಪೂರ್ವ ದಡದ ರಿಕೆಟ್ಸ್ ಪಾಯಿಂಟಿಗೆ ಮೂಡಣ ಗಾಳಿ ಒಳ್ಳೆಯದು, ಪಡುವಣ ಗಾಳಿ ಬೇಡ. ಜೋರು ಮಳೆಯ ಮೇಲೆ ಒಂದೆರಡು ದಿನ ನದಿ, ಚರಂಡಿ ಸೇರುವ ಕಡೆ ಇಳಿಯಬಾರದು, ನಗರದ ಕೊಳೆಯೆಲ್ಲ ಅಲ್ಲಿಗೇ ಬಂದಿರುತ್ತದೆ. ಜೆಟ್ಟಿಯ ಮೇಲೆ ಗಾಳ ಹಾಕುವವರು ಯಾವಾಗಲೂ ಇರುತ್ತಾರೆ, ಅವರಿಗೂ ಅಲ್ಲಿ ನಮ್ಮಷ್ಟೇ ಹಕ್ಕಿದೆ. ಗಾಳ ಬೀಳುವ ಕಡೆಗೆ ಹೋಗದೆ ಜೆಟ್ಟಿಯ ಅಡಿಯಲ್ಲೇ ಇರಿ. ಹರಿದುಬಿದ್ದ ನೈಲಾನ್ ದಾರ ನೀರಿನಲ್ಲಿ ಕಾಣುವುದೇ ಇಲ್ಲ. ಸಿಲಿಂಡರಿನ ಕುತ್ತಿಗೆಗೆ ಸುತ್ತಿಕೊಂಡರೆ ತಿರುಗಿ ತಿರುಗಿ ಇನ್ನಷ್ಟು ಬಿಗಿಯುವ ಬದಲು ನಿಂತು, ಜೊತೆಗಾರರಿಂದ ಕತ್ತರಿಸಿಕೊಳ್ಳಬೇಕು. ಎದೆಯ ಮೇಲೆ, ಎರಡೂ ಕೈಗೆ ಎಟುಕುವಲ್ಲಿ, ಸಣ್ಣ ಕತ್ತರಿ ಇರಲಿ. ನೀಲಿ-ಬಿಳಿ ಡೈವಿಂಗ್ ಬಾವುಟವಿರುವ ತೇಲುಬುರುಡೆ ಕಡ್ಡಾಯವೆಂದೇ ಭಾವಿಸಿ. ಅದು ಕಂಡರೆ 100 ಮೀಟರ್ ಒಳಗೆ ದೋಣಿಗಳು 5 ನಾಟ್ (ಗಂಟೆಗೆ ಸುಮಾರು 9 ಕಿಲೋಮೀಟರ್) ವೇಗ ಮೀರಬಾರದೆಂಬುದು ವಿಕ್ಟೋರಿಯಾದ ನಿಯಮ. ಬಾವುಟವೇ ಇಲ್ಲದಿದ್ದರೆ ಪಾಪ, ದೋಣಿಯವನಿಗೆ ಗೊತ್ತಾಗುವುದು ಹೇಗೆ?

ಮುಟ್ಟುವ ಚಪಲದ ಬಗ್ಗೆ ಒಂದು ಗಂಭೀರ ಮಾತು. ನೀಲಿ ಉಂಗುರದ ಆಕ್ಟೋಪಸ್ ಈ ಕೊಲ್ಲಿಯ ನಿವಾಸಿ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಖಾಲಿ ಚಿಪ್ಪು, ಬಿಸಾಡಿದ ಬಾಟಲಿ, ಕ್ಯಾನುಗಳೇ ಅದರ ಮನೆ. ಸುಮ್ಮನಿದ್ದಾಗ ಕಂದು ಬಣ್ಣ, ಕೆಣಕಿದಾಗ ಮಾತ್ರ ನೀಲಿ ಉಂಗುರಗಳು ಮಿನುಗುತ್ತವೆ. ಆ ಹೊತ್ತಿಗೆ ತಡವಾಗಿರುತ್ತದೆ. ಕಚ್ಚಿದ್ದು ನೋಯದೆಯೂ ಇರಬಹುದು. ನಿಮಿಷಗಳಲ್ಲಿ ತುಟಿ, ನಾಲಿಗೆ ಜೋಮು ಹಿಡಿದು, ಮಾತು ತೊದಲಿ, ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ಇಲ್ಲಿನ ತುರ್ತು ಸೇವೆಯ 000ಗೆ ಕರೆ ಮಾಡಿ, ಕಚ್ಚಿದ ಕೈ ಅಥವಾ ಕಾಲಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಅಲುಗಾಡದಂತೆ ಇಟ್ಟು, ಉಸಿರು ನಿಂತರೆ ಆಂಬುಲೆನ್ಸ್ ಬರುವವರೆಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಬೇಕು. ವಿಷದ ಪ್ರಭಾವ ಗಂಟೆಗಳಲ್ಲಿ ಇಳಿಯುತ್ತದೆ, ಉಸಿರು ಕೊಟ್ಟರೆ ಬದುಕುತ್ತಾರೆ. ಮೈ ಕಲ್ಲಾಗಿದ್ದರೂ ಆ ವ್ಯಕ್ತಿಗೆ ಎಚ್ಚರವಿರಬಹುದು, ಎಲ್ಲವೂ ಕೇಳಿಸುತ್ತಿರಬಹುದು, ಧೈರ್ಯ ಹೇಳುತ್ತಿರಿ. ದಡದಲ್ಲಿ ಆಡುವ ಮಕ್ಕಳಿಗೂ ಇದೇ ಎಚ್ಚರಿಕೆ: ಚಿಪ್ಪು ಆಯ್ದು ಜೇಬಿಗೆ ಹಾಕುವುದು ಬೇಡ. ಈ ಕೊಲ್ಲಿಯಲ್ಲಿ ದಡದಿಂದ 2 ಮೀಟರ್ ಆಳದವರೆಗಿನ ನೀರಿನಲ್ಲಿ ಚಿಪ್ಪುಜೀವಿಗಳನ್ನು ಹಿಡಿಯುವುದು ಕಾನೂನಿನ ಪ್ರಕಾರವೂ ತಪ್ಪು.

ಪೋರ್ಟ್‌ಸೀ ಜೆಟ್ಟಿಯ ಸುತ್ತಿನ ಕಡಲಹುಲ್ಲು, ಕೆಲ್ಪ್ ಪಾಚಿಗಳ ನಡುವೆ ಸಿಗುವುದು ವೀಡಿ ಸೀ ಡ್ರ್ಯಾಗನ್. ವಿಕ್ಟೋರಿಯಾ ರಾಜ್ಯದ ಕಡಲ ಲಾಂಛನ ಇದು. 45 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಕಡಲಕುದುರೆಯ ಸಂಬಂಧಿಯಾದರೂ ಬಾಲದಿಂದ ಏನನ್ನೂ ಹಿಡಿದುಕೊಳ್ಳಲಾರದು, ಪಾಚಿಯ ತುಣುಕಿನಂತೆ ತೂಗಾಡುವುದೇ ಅದರ ರಕ್ಷಣೆ. ವಸಂತ, ಬೇಸಿಗೆಗಳಲ್ಲಿ ಗಂಡಿನ ಬಾಲದಡಿ ಸುಮಾರು 250 ಮೊಟ್ಟೆಗಳು ಅಂಟಿರುತ್ತವೆ, ಎರಡು ತಿಂಗಳು ಗಂಡೇ ಅವನ್ನು ಹೊತ್ತುಕೊಂಡು ತಿರುಗುತ್ತದೆ. ಒಳ್ಳೆಯ ಚಿತ್ರಕ್ಕೆಂದು ಅದನ್ನು ಪಾಚಿಯಿಂದ ಅಟ್ಟಿ ಮೇಲಕ್ಕೆ ತರುವುದು ಕ್ರೌರ್ಯ. ಒತ್ತಡ ಬೇಗ ಬದಲಾದರೆ ಅದರ ಗಾಳಿಚೀಲ ತಾಳುವುದಿಲ್ಲ. ಅದು ಹೋಗುವ ದಿಕ್ಕು ನೋಡಿ, ಮುಂದೆ ಬದಿಯಲ್ಲಿ ಕಾದು, ಎರಡು ಮೂರು ಫ್ಲಾಶ್‌ಗೆ ತೃಪ್ತಿಪಡಿ.

ಕೊಲ್ಲಿಯ ಬಾಯಿ ಬೇರೆಯೇ ಲೋಕ. ನೀರಿನಡಿಯ ಕಂದರದ ಗೋಡೆಗಳು, ಪೋಪ್ಸ್ ಐ ಎಂಬ ಅರೆಬರೆ ಕೋಟೆಯ ಕಲ್ಲಿನ ಉಂಗುರ, ಬಾಯಿಯಾಚೆ 1926ರ ಸುಮಾರಿಗೆ ಮುಳುಗಿಸಿದ ಜೆ-ವರ್ಗದ ಜಲಾಂತರ್ಗಾಮಿಗಳು, 2009ರಲ್ಲಿ ಡೈವಿಂಗ್‌ಗೆಂದೇ ಮುಳುಗಿಸಿದ ಕ್ಯಾನ್‌ಬೆರಾ ಯುದ್ಧನೌಕೆ. ಇವೆಲ್ಲ ಅನುಭವಿಗಳಿಗೆ, ಅದೂ ಪಳಗಿದ ದೋಣಿಯವರ ಜೊತೆ. ಇಲ್ಲಿ ಉಬ್ಬರವಿಳಿತದ ಒಂದು ವಿಚಿತ್ರವನ್ನು ಮಾತ್ರ ಹೇಳಲೇಬೇಕು. ಪಟ್ಟಿಯಲ್ಲಿ 'ಉಬ್ಬರ 10 ಗಂಟೆಗೆ' ಎಂದಿದ್ದರೆ 10 ಗಂಟೆಗೆ ನೀರು ನಿಂತಿರುತ್ತದೆ ಎಂದುಕೊಳ್ಳುವುದು ಸಹಜ. ಇಲ್ಲಿ ಸೆಳೆತ ಅತಿ ಜೋರಾಗಿರುವುದೇ ಆ ಹೊತ್ತಿಗೆ. ಬಾಯಿ ಇಷ್ಟು ಕಿರಿದು, ಒಡಲು ಇಷ್ಟು ದೊಡ್ಡದು. ಆರು ಗಂಟೆಯ ಉಬ್ಬರದಲ್ಲಿ ಕೊಲ್ಲಿ ತುಂಬಿ ಮುಗಿಯುವುದೇ ಇಲ್ಲ. ಹೊರಗೆ ಸಮುದ್ರ ಉಕ್ಕಿ ನಿಂತಾಗಲೂ ಒಳಗಿನ ಮಟ್ಟ ಕೆಳಗೇ ಇರುತ್ತದೆ, ನೀರು ಒಳಕ್ಕೆ ಧುಮುಕುತ್ತಲೇ ಇರುತ್ತದೆ. ಒಳಗೂ ಹೊರಗೂ ಮಟ್ಟ ಸಮವಾಗಿ ಸೆಳೆತ ನಿಲ್ಲುವುದು ಸುಮಾರು ಮೂರು ಗಂಟೆ ಕಳೆದ ಮೇಲೆ. ಅಳಿವೆ ಬಾಯಲ್ಲಿ ದೋಣಿ ನಡೆಸುವ ನಮ್ಮ ಕರಾವಳಿಯ ಮೀನುಗಾರರಿಗೆ ಈ ಮಾತು ಬೇಗ ಅರ್ಥವಾದೀತು. ಡೈವ್ ಮಾಡಬೇಕಾದದ್ದು ಆ ನಿಂತ ಗಳಿಗೆಯಲ್ಲಿ. ಸಮುದ್ರದ ನೀರು ಒಳಬಂದು ನಿಂತಾಗ ತಿಳಿಯಾಗಿರುತ್ತದೆ. ಕೊಲ್ಲಿಯ ನೀರು ಹೊರಹೋಗಿ ನಿಂತಾಗ ಮಬ್ಬು. ಮೆಲ್ಬರ್ನ್, ಜೀಲಾಂಗ್ ಬಂದರುಗಳಿಗೆ ಹೋಗುವ ಹಡಗುಗಳೆಲ್ಲ ಈ ಬಾಯಲ್ಲೇ ಹಾಯುವುದು, ಹಾಗಾಗಿ ಮೇಲೇರುವ ಮುನ್ನ ಕೇಸರಿ ಬಣ್ಣದ ಗಾಳಿಕೊಳವೆಯನ್ನು ಕೆಳಗಿನಿಂದಲೇ ತುಂಬಿ ಮೇಲೆ ಬಿಡಬೇಕು. ಅದನ್ನು ಬಿಡಲು ಬಾರದವರು ಅಲ್ಲಿಗೆ ಹೋಗಬಾರದು. ಪೋಪ್ಸ್ ಐ ಮತ್ತು ಸುತ್ತಲಿನ ಇನ್ನೂ ಐದು ತಾಣಗಳಲ್ಲಿ 2002ರಿಂದ ಮೀನು ಹಿಡಿಯುವುದು ಪೂರ್ತಿ ನಿಷಿದ್ಧ. ಮೀನುಗಳು ಮನುಷ್ಯರಿಗೆ ಹೆದರದೆ ಎದುರಿಗೆ ಬಂದು ನಿಲ್ಲುವುದನ್ನು ನೋಡಿದರೆ ಆ ನಿರ್ಧಾರದ ಬೆಲೆ ತಿಳಿಯುತ್ತದೆ. ನೇತ್ರಾಣಿಯ ಸುತ್ತಲೂ ಇಂಥದೊಂದು ಬಿಗಿ ಕಾವಲು ಸಿಗಬೇಕೆಂಬುದು ನನ್ನ ಆಸೆ.

ಹೊರಗಿನಿಂದ ಬಂದು ನೆಲೆಸಿದ ಪ್ರಾಣಿಗಳಿಂದ ಈ ಕೊಲ್ಲಿ ಬಹಳ ನೊಂದಿದೆ. ಉತ್ತರ ಪೆಸಿಫಿಕ್ ನಕ್ಷತ್ರಮೀನು 1995ರಲ್ಲಿ ಮೊದಲು ಕಂಡಿತು, ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ಆಯಿತು, ಮಳಿ ಜಾತಿಯ ಚಿಪ್ಪುಜೀವಿಗಳನ್ನು ಮುಕ್ಕುತ್ತಿದೆ. ಐದು ತೋಳು, ನೇರಳೆ ತುದಿ. ಇಲ್ಲಿನದೇ ಆದ ಹನ್ನೊಂದು ತೋಳಿನ ನಕ್ಷತ್ರಮೀನನ್ನು ಇದೆಂದು ತಪ್ಪು ತಿಳಿದು ಕೊಲ್ಲುವ ಉತ್ಸಾಹಿಗಳಿದ್ದಾರೆ, ಆ ಕೆಲಸ ಬಲ್ಲವರಿಗೆ ಬಿಡಿ. ನಾವು ಮಾಡಬೇಕಾದದ್ದು ಸುಲಭ: ಇಲ್ಲಿ ಮುಳುಗಿದ ಸೂಟು, ಬೂಟು, ಜಾಕೆಟ್ಟನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸದೆ ಬೇರೆ ಕಡಲಿಗೆ ಒಯ್ಯಬಾರದು.

ತೊಳೆಯುವುದು ನಿಮ್ಮ ಜೀವಕ್ಕೂ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಜಾಕೆಟ್ಟುಗಳಲ್ಲಿ ಸಾಮಾನ್ಯ ದೋಷವೆಂದರೆ ಉಪ್ಪು ಕಟ್ಟಿ ಇನ್‌ಫ್ಲೇಟರ್ ಗುಂಡಿ ಒಳಗೇ ಸಿಕ್ಕಿಕೊಳ್ಳುವುದು. ಗಾಳಿ ತುಂಬುತ್ತಲೇ ಇದ್ದು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಹಾಗಾದರೆ ಜಾಕೆಟ್ಟಿಗೆ ಗಾಳಿ ತರುವ ಕೊಳವೆಯ ಕೂಡುಗೆಯನ್ನು ಎಳೆದು ಕಳಚಬೇಕು. ಕೈಗವಸು ಹಾಕಿಕೊಂಡು ಕಳಚುವ ಅಭ್ಯಾಸ ಮೊದಲೇ ಇರಲಿ. ಕೊಳ್ಳುವಾಗ ಜಾಕೆಟ್ಟನ್ನು ಬಿಗಿಯಾಗಿ ಊದಿ ಅರ್ಧ ಗಂಟೆ ಇಟ್ಟು ನೋಡಿ. ರಬ್ಬರ್ ಕೊಳವೆಗಳನ್ನು ತುದಿಯಲ್ಲಿ ಬಗ್ಗಿಸಿ, ಬಿರುಕು ಕಂಡರೆ ಬದಲಿಸಿ. ಹಳೆಯ 7 ಮಿಲಿಮೀಟರ್ ಸೂಟನ್ನು ಹಿಚುಕಿದಾಗ ಮೆತ್ತಗಿಲ್ಲದೆ ಕಾಗದದಂತಿದ್ದರೆ ಅದರ ಗುಳ್ಳೆಗಳು ಸತ್ತಿವೆ, ಅಗ್ಗವೆಂದು ತರಬೇಡಿ. ಮಾರುವವರು ಏನೇ ಹೇಳಲಿ, ರೆಗ್ಯುಲೇಟರ್ ಸರ್ವಿಸ್ ಮಾಡಿಸದೆ ಬಾಯಿಗೆ ಇಡಬೇಡಿ.

ಅಸ್ತಮಾ, ಬಿಪಿ, ಕಿವಿಯ ತೊಂದರೆಗಳನ್ನು ಫಾರಂನಲ್ಲಿ ಮುಚ್ಚಿಡಬೇಡಿ. ಡೈವಿಂಗ್ ಬಲ್ಲ ವೈದ್ಯರಿಗೆ ತೋರಿಸಿ. ಡೈವ್ ಆದ ಮೇಲೆ ಕೀಲುನೋವು, ಜುಮುಗುಡುವಿಕೆ, ವಿಪರೀತ ಸುಸ್ತು, ಚರ್ಮದ ಮೇಲೆ ಮಚ್ಚೆ ಕಂಡರೆ 'ಚಳಿಗೆ ಹೀಗಾಗಿದೆ' ಎಂದು ಮಲಗಿ ಬೆಳಗು ಮಾಡಬಾರದು, ಅದು ಮೈಯಲ್ಲಿ ನೈಟ್ರೋಜನ್ ಗುಳ್ಳೆಯಾದ ಲಕ್ಷಣವಿರಬಹುದು. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿಸಿ, 000ಗೆ ಕರೆ ಮಾಡಿ. ಡೈವಿಂಗ್ ತುರ್ತು ಸಲಹೆಗೆ ಆಸ್ಟ್ರೇಲಿಯಾದೊಳಗಿಂದ 1800 088 200. ಒತ್ತಡದ ಕೋಣೆಯ ಚಿಕಿತ್ಸೆ ಮೆಲ್ಬರ್ನ್‌ನ ಆಲ್‌ಫ್ರೆಡ್ ಆಸ್ಪತ್ರೆಯಲ್ಲಿದೆ. ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ಕಾಯಬೇಕು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಆ ಗುಳ್ಳೆಗಳ ಅಪಾಯ ಹೆಚ್ಚುವುದರಿಂದ ಇದು ಬೆಟ್ಟಕ್ಕೂ ಅನ್ವಯಿಸುತ್ತದೆ. ಜುಲೈನಲ್ಲಿ ನಮ್ಮ ಹುಡುಗರು ಶನಿವಾರ ಏಡಿ ನೋಡಿ, ಅದೇ ರಾತ್ರಿ ಕಾರು ಹತ್ತಿ ಹಿಮ ನೋಡಲು ಮೌಂಟ್ ಬುಲ್ಲರ್‌ಗೆ ಹೊರಡುತ್ತಾರೆ. ಅದರ ಶಿಖರ ಸುಮಾರು 1,800 ಮೀಟರ್ ಎತ್ತರ. ಮೊದಲು ಹಿಮ ನೋಡಿ ಬಂದು, ಆಮೇಲೆ ಏಡಿ ನೋಡಲಿ.

ಇತಿ,
ಮೆಲ್ಬರ್ನ್‌ನಲ್ಲಿರುವ ಒಬ್ಬ ಕನ್ನಡಿಗ ಡೈವರ್